ಮಾಸ್ಟ್ರ ಸ್ಪೀಕರಿಗೆ ಪಂಪಿನ ವೈಂಡಿಂಗ್

ವೇಣೂರು ಬಸ್‌ಸ್ಟ್ಯಾಂಡಿನಿಂದ ಹೊಳೆಯ ಕಡೆಗೆ ಇಳಿಯುವ ದಾರಿಯಲ್ಲಿ ಲೋಲಾಕ್ಷಿಯ ಅಂಗಡಿಯಿದೆ. ಬೋರ್ಡಿನಲ್ಲಿ ‘ಪಂಪ್ ಮತ್ತು ಮೋಟಾರ್ ವೈಂಡಿಂಗ್’ ಎಂದಿದೆಯೇ ಹೊರತು ಯಾರದ್ದು ಎಂದು ಬರೆದಿಲ್ಲ. ಬರೆಯುವ ಅಗತ್ಯವೂ ಇಲ್ಲವೆನ್ನಿ. ಸುತ್ತಲಿನ ಹತ್ತೂರಿನಲ್ಲಿ ಯಾರ ಬಾವಿಯ ಪಂಪು ಸುಟ್ಟರೂ ಅದು ಆಟೋದ ಹಿಂದಿನ ಸೀಟಿನಲ್ಲಿ ಯಜಮಾನನ ಹಾಗೆ ಕೂತು ನೇರ ಇಲ್ಲಿಗೇ ಬರುತ್ತದೆ.

ಲೋಲಾಕ್ಷಿಗೆ ಈಗ ಐವತ್ತೊಂದು. ಇಪ್ಪತ್ತಾರರ ತನಕ ಬೀಡಿ ಕಟ್ಟಿದವಳು. ಬೀಡಿ ಸುತ್ತುವ ಬೆರಳಿಗೆ ತಾಮ್ರದ ತಂತಿ ಸುತ್ತುವುದು ಎಂತ ಮಹಾ ಎಂದು ಯಾರೋ ವೈಂಡರ್ ತಮಾಷೆಗೆ ಹೇಳಿದ್ದನ್ನು ಇವಳು ನಿಜವೆಂದೇ ನಂಬಿ ಅವನ ಅಂಗಡಿಗೆ ಹೋಗಿ ಕೂತಳು. ಎರಡೇ ವರ್ಷದಲ್ಲಿ ಗಿರಾಕಿಗಳು ಅವನನ್ನು ಬಿಟ್ಟು ಇವಳನ್ನು ಕೇಳತೊಡಗಿದರು. ಮದುವೆಯ ಮಾತು ಬಂದಾಗಲೆಲ್ಲ ಯಾವುದಾದರೊಂದು ಮೋಟಾರು ಮೇಜಿನ ಮೇಲೆ ಬಿಚ್ಚಿಕೊಂಡೇ ಇರುತ್ತಿತ್ತು, ಹಾಗಾಗಿ ಆ ಮಾತು ಮುಂದುವರಿಯಲಿಲ್ಲ. ನಾರಾವಿಯ ಮನೆಯಲ್ಲಿ ಅವಳು ಮತ್ತು ಅವಳ ಅಪ್ಪ ಜತ್ತಪ್ಪ, ಇಬ್ಬರೇ.

ಅವಳಿಗೆ ಹೆಸರು ತಂದದ್ದು ಒಂದು ವಿದ್ಯೆ. ಸಂಜೆಯ ಹೊತ್ತು ಊರಿನವರೆಲ್ಲ ಒಟ್ಟಿಗೆ ತೋಟಕ್ಕೆ ನೀರು ಬಿಟ್ಟರೆ ಲೈನಿನ ತುದಿಯ ಮನೆಗಳಿಗೆ ಇನ್ನೂರ ಮೂವತ್ತರ ಬದಲು ನೂರ ಎಪ್ಪತ್ತು ವೋಲ್ಟ್ ಬಂದರೆ ಅದೇ ಪುಣ್ಯ. ಬೇರೆ ಪಂಪುಗಳು ಗುಂಯ್ ಎನ್ನುತ್ತ ಕೂತಲ್ಲೇ ಬಿಸಿಯಾಗುತ್ತವೆ. ಲೋಲಾಕ್ಷಿ ಕಟ್ಟಿದ ಪಂಪು ಮಾತ್ರ ನೀರು ಎಳೆಯುತ್ತದೆ. ಗುಟ್ಟು ಇಷ್ಟೇ: ತಂತಿಯನ್ನು ಒಂದು ನಂಬರು ದಪ್ಪ ಮಾಡುವುದು, ಸುತ್ತು ನೂರಕ್ಕೆ ಹತ್ತು ಹದಿನೈದು ಕಡಿಮೆ ಮಾಡುವುದು. ಲೋ ವೋಲ್ಟೇಜ್ ವೈಂಡಿಂಗ್ ಎಂದು ಅದಕ್ಕೆ ಹೆಸರು. ಇಪ್ಪತ್ತೈದು ವರ್ಷ ಮಾಡಿ ಮಾಡಿ ಅದು ಅವಳ ಕೈಗೇ ಹತ್ತಿಬಿಟ್ಟಿತ್ತು. ಈ ಹೆಮ್ಮೆಯೇ ಒಂದು ದಿನ ಅವಳ ಕಾಲಿಗೆ ತೊಡರಿತು ಎಂಬುದೂ ಈ ಕಥೆಯಲ್ಲಿ ಬರುತ್ತದೆ.

ಮೂಡುಬಿದಿರೆಯ ನಿತ್ಯಾನಂದ ಮಾಸ್ಟ್ರ ಬಾವಿಯ ಪಂಪು ಕಟ್ಟಿದ್ದೂ ಅವಳೇ. ಮಾಸ್ಟ್ರು ನಿವೃತ್ತ ಕನ್ನಡ ಪಂಡಿತರು. ಅವರ ಮನೆಯ ಚಾವಡಿಯಲ್ಲಿ ತೊಂಬತ್ತನಾಲ್ಕು ಸ್ಪೂಲ್ ಟೇಪುಗಳಿವೆ. ಎಲ್ಲವೂ ಹಳೆಯ ಯಕ್ಷಗಾನ ಬಯಲಾಟಗಳು, ಪ್ರಾಯದಲ್ಲಿ ಅವರೇ ಸೈಕಲ್ಲಿನಲ್ಲಿ ಯಂತ್ರ ಕಟ್ಟಿಕೊಂಡು ಹೋಗಿ ರೆಕಾರ್ಡು ಮಾಡಿದವು. ಅವನ್ನು ಕೇಳಲಿಕ್ಕೆ ಎಂಬತ್ತಮೂರನೇ ಇಸವಿಯಲ್ಲಿ ಅವರ ಭಾವ ಕುವೈತಿನಿಂದ ತಂದುಕೊಟ್ಟ ಜೋಡಿ ಸ್ಪೀಕರ್ ಪೆಟ್ಟಿಗೆಗಳು. ಸೊಂಟದೆತ್ತರ, ಮರದ ಮೈ, ಎದುರಿಗೆ ಕಂದು ಬಟ್ಟೆ. ಮನೆಯವರು ಕೂಡ ಅವುಗಳ ಮೇಲೆ ಲೋಟ ಇಡುವಂತಿಲ್ಲ. ಈಗ ಮಾಸ್ಟ್ರು ಒಂದೊಂದೇ ಟೇಪು ಕೇಳಿ, ಯಾವ ಆಟದಲ್ಲಿ ಯಾರು ಹಾಡಿದರು, ಯಾರು ಬಾರಿಸಿದರು ಎಂದು ಪಟ್ಟಿ ಮಾಡುತ್ತಿದ್ದರು. ಕಲಾಸಂಘದವರು ಅದನ್ನು ಪುಸ್ತಕ ಮಾಡುವವರಿದ್ದರು.

ಪಂಪು ಕೂರಿಸಿದ ದಿನ ಮಾತಿಗೆ ಮಾತು ಬಂದು, ತನ್ನ ಅಪ್ಪ ಯಕ್ಷಗಾನ ಮೇಳದಲ್ಲಿ ಚಕ್ರತಾಳ ಬಾರಿಸುತ್ತಿದ್ದವರು ಎಂದು ಲೋಲಾಕ್ಷಿ ಹೇಳಿದಳು. ಮಾಸ್ಟ್ರ ಮುಖ ಅರಳಿತು. “ಹೌದಾ? ಹಾಗಾದ್ರೆ ಕರ್ಕೊಂಡು ಬನ್ನಿ ಮಾರಾಯ್ರೆ. ಕೇಳುವ, ಮಾತಾಡುವ.”

ಚಕ್ರತಾಳವೆಂದರೆ ಎರಡು ತೆಳು ಕಂಚಿನ ತಟ್ಟೆಗಳು. ಚೆಂಡೆ ಏರಿದಾಗ ಅದರ ಜೊತೆಗೆ ಅಂಚಿಗೆ ಅಂಚು ತಾಗಿಸಿ ಬಾರಿಸುವುದು. ರಂಗಸ್ಥಳದ ಮೂಲೆಯಲ್ಲಿ ನಿಂತು ಬೆಳಗಿನ ತನಕ ಅದನ್ನು ಬಾರಿಸುವವನನ್ನು ಯಾರೂ ನೋಡುವುದಿಲ್ಲ, ಕರಪತ್ರದಲ್ಲಿ ಅವನ ಹೆಸರು ಹಾಕುವುದೂ ಇಲ್ಲ. ಜತ್ತಪ್ಪ ವರ್ಷಕ್ಕೊಂದರಂತೆ ಅಂಥ ಇಪ್ಪತ್ತೆರಡು ತಿರುಗಾಟ ಮಾಡಿದ ಮನುಷ್ಯ. “ಇಪ್ಪತ್ತೆರಡು ತಿರುಗಾಟ, ಒಂದು ಪೆಟ್ಟು ಬಿಟ್ಟವ ಅಲ್ಲ ನಾನು” ಎನ್ನುವುದು ಅವನ ಖಾಯಂ ಮಾತು. ಅದರ ಹಿಂದೆಯೇ ಇನ್ನೊಂದು ಬರುತ್ತಿತ್ತು: ಎಂಬತ್ತೊಂದನೇ ಇಸವಿಯಲ್ಲಿ ನರಿಕೊಂಬಿನ ಗದ್ದೆಯಲ್ಲಿ ಆಟ ಮುಗಿದಾಗ ಪದ ಹಾಡುವ ಭಾಗವತರು ತಮ್ಮ ಚೀಲದಿಂದ ವೀಳ್ಯ ತೆಗೆದು ಅವನ ಕೈಗಿಟ್ಟು, “ಇವತ್ತು ನಿನ್ನ ತಾಳ ಇತ್ತು ಜತ್ತಪ್ಪ” ಅಂದದ್ದು. ಇಪ್ಪತ್ತೆರಡು ವರ್ಷದಲ್ಲಿ ಸಿಕ್ಕಿದ ಹೊಗಳಿಕೆ ಅದೊಂದೇ. ಲೋಲಾಕ್ಷಿ ಅದನ್ನು ಸಾವಿರ ಸಲ ಕೇಳಿದ್ದಾಳೆ.

ಎಂಬತ್ತೆರಡು ವರ್ಷದ ಅಪ್ಪನನ್ನು ಬಸ್ಸು ಹತ್ತಿಸಿ ಮೂಡುಬಿದಿರೆಗೆ ಕರೆತಂದಾಗ ಅವನು ಇಸ್ತ್ರಿ ಹಾಕಿದ ಅಂಗಿ ತೊಟ್ಟಿದ್ದ. ಮಾಸ್ಟ್ರ ಚಾವಡಿಯಲ್ಲಿ ಕೂತು ಬೆಲ್ಲ ನೀರು ಕುಡಿದು ಮೊದಲು ಕೇಳಿದ್ದೇ ಅದು. “ಎಂಬತ್ತೊಂದರ ನರಿಕೊಂಬು ಆಟ ಉಂಟಾ ನಿಮ್ಮಲ್ಲಿ?”

“ಉಂಟು ಜತ್ತಪ್ಪಣ್ಣ, ಭಾರೀ ಲಾಯ್ಕದ ಆಟ” ಎಂದು ಮಾಸ್ಟ್ರು ಪುಸ್ತಕ ತಿರುಗಿಸಿದರು. ತಿರುಗಿಸಿ, ಕನ್ನಡಕ ತೆಗೆದು, ಸ್ವಲ್ಪ ಸಂಕೋಚಪಟ್ಟರು. “ಆದ್ರೆ ಅದರಲ್ಲಿ ಚಕ್ರತಾಳ ಇಲ್ಲ.”

“ಇಲ್ಲ ಅಂದ್ರೆ?”

“ಭಾಗವತರು, ಮದ್ದಳೆ, ಚೆಂಡೆ ಎಲ್ಲ ಉಂಟು. ಚಕ್ರತಾಳದ ಶಬ್ದವೇ ಇಲ್ಲ. ನಾನು ನಾಲ್ಕು ಸಲ ಕೇಳಿದ್ದೇನೆ. ಆ ದಿನ ನೀವು ಇರಲಿಲ್ಲ ಕಾಣ್ತದೆ. ವರ್ಷ ಆಯ್ತಲ್ಲ, ಬೇರೆ ಯಾವುದೋ ಆಟ ಇರ್ಬಹುದು.”

ಜತ್ತಪ್ಪ ಅಂಗಿಯ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತ. ಬೇಕಾದರೆ ಕೇಳಿಸಿಕೊಳ್ಳಿ ಎಂದು ಮಾಸ್ಟ್ರು ಟೇಪು ಹಾಕಿದರು. ಭಾಗವತರ ಪದ ತುಂಬು ದನಿಯಲ್ಲಿ ಬಂತು, ಚೆಂಡೆ ದೂರದಲ್ಲೆಲ್ಲೋ ಮೂಟೆಗೆ ಬಡಿದ ಹಾಗೆ ಕೇಳಿತು. ಚಕ್ರತಾಳ ಇಲ್ಲ. ಲೋಲಾಕ್ಷಿ ಕಿವಿಗೊಟ್ಟು ಕೇಳಿದಳು, ಇಲ್ಲವೇ ಇಲ್ಲ. ಅಪ್ಪನಿಗಂತೂ ಈಗ ಸಪೂರದ, ತೆಳ್ಳಗಿನ ಶಬ್ದ ಕೇಳುವುದೇ ಇಲ್ಲ. ಲಾರಿ ಬಂದರೆ ಗೊತ್ತಾಗುತ್ತದೆ, ಮೊಬೈಲ್ ಹೊಡೆದುಕೊಂಡರೆ ಗೊತ್ತಾಗುವುದಿಲ್ಲ. ಅವನು ಮಗಳ ಮುಖ ನೋಡಿದ. ಅವಳಿಗೆ ಆ ನೋಟ ಸಹಿಸಲಿಕ್ಕಾಗಲಿಲ್ಲ.

“ಹೆಡ್‌ಫೋನ್ ಹಾಕಿ ಕೇಳಿದ್ರೆ?” ಎಂದಳು.

“ಆ ತೂತು ತುಕ್ಕು ಹಿಡಿದು ಹತ್ತು ವರ್ಷ ಆಯ್ತು. ಅಲ್ಲದೆ ಆಟವನ್ನು ಕಿವಿಗೆ ಬಿರಡೆ ಹಾಕಿ ಕೇಳುವುದಾ?” ಮಾಸ್ಟ್ರಿಗೆ ತಮ್ಮ ಪೆಟ್ಟಿಗೆಗಳ ಮೇಲೆ ಅಷ್ಟು ಅಭಿಮಾನ. “ಇದರ ಧ್ವನಿ ನೋಡಿ, ಎಷ್ಟು ಮೃದು! ಈಗಿನ ಸ್ಪೀಕರುಗಳ ಹಾಗೆ ಕಿರಿಚುವುದಿಲ್ಲ.”

ಮೃದು ಎಂಬ ಮಾತು ಕಿವಿಗೆ ಬಿದ್ದದ್ದೇ ಲೋಲಾಕ್ಷಿಯ ತಲೆಯಲ್ಲಿ ಏನೋ ಹೊತ್ತಿಕೊಂಡಿತು. ಗಿರಾಕಿಗಳು ಪಂಪಿನ ಬಗ್ಗೆಯೂ ಹೀಗೆಯೇ ಹೇಳುತ್ತಾರೆ, ಈಗ ಶಬ್ದವೇ ಇಲ್ಲ, ಬಹಳ ಮೃದು ಎಂದು. ಬಿಚ್ಚಿ ನೋಡಿದರೆ ಅರ್ಧ ವೈಂಡಿಂಗ್ ಸತ್ತಿರುತ್ತದೆ. ಅವಳು ಚೀಲದಿಂದ ಉದ್ದದ ಸ್ಕ್ರೂಡ್ರೈವರ್ ತೆಗೆದಳು. ಮೋಟಾರಿನ ಬೇರಿಂಗ್ ಪರೀಕ್ಷೆಗೆ ಅವಳು ಮಾಡುವುದು ಅದನ್ನೇ: ತುದಿಯನ್ನು ಮೋಟಾರಿಗೆ ತಾಗಿಸಿ ಹಿಡಿಯನ್ನು ಕಿವಿಗೆ ಒತ್ತಿದರೆ ಒಳಗಿನದ್ದೆಲ್ಲ ಕೇಳುತ್ತದೆ. ಮಾಸ್ಟ್ರು ಹಾಂ ಹಾಂ ಎನ್ನುವಷ್ಟರಲ್ಲಿ ಅವಳು ಕಂದು ಬಟ್ಟೆಯ ಚೌಕಟ್ಟನ್ನು ಕಳಚಿ, ದೊಡ್ಡ ಸ್ಪೀಕರಿನ ಕಬ್ಬಿಣದ ಅಂಚಿಗೆ ಡಾಕ್ಟರರ ಹಾಗೆ ಅದನ್ನು ಇಟ್ಟಾಗಿತ್ತು. ದಡದಡ ಕೇಳಿತು. ಮೇಲೆ ಅಂಗೈಯಗಲದ ಚಿಕ್ಕ ಸ್ಪೀಕರಿನ ಅಂಚಿಗೆ ಇಟ್ಟಳು. ನಿಶ್ಶಬ್ದ. ಇನ್ನೊಂದು ಪೆಟ್ಟಿಗೆಗೆ ಹೋದಳು. ಅಲ್ಲೂ ಅಷ್ಟೇ, ಬಹಳ ಗಮನವಿಟ್ಟರೆ ಇರುವೆ ಹರಿದಷ್ಟು ಸದ್ದು.

“ಮಾಸ್ಟ್ರೇ, ನಿಮ್ಮ ಸಣ್ಣ ಸ್ಪೀಕರ್ ಎರಡೂ ಕೆಲಸ ಮಾಡ್ತಾ ಇಲ್ಲ! ಸಪೂರದ ಶಬ್ದ ಬರಬೇಕಾದ್ದು ಇದರಲ್ಲಿ. ಚಕ್ರತಾಳ ಟೇಪಿನಲ್ಲಿ ಇಲ್ಲದ್ದಲ್ಲ, ಪೆಟ್ಟಿಗೆಯಿಂದ ಹೊರಗೆ ಬರ್ತಾ ಇಲ್ಲ!” ಅವಳ ದನಿ ಅವಳಿಗೇ ಗೊತ್ತಿಲ್ಲದೆ ಏರಿತ್ತು.

ಮಾಸ್ಟ್ರು ಒಪ್ಪಲಿಲ್ಲ. ದಿನಾ ಕೇಳುವ ನನಗೆ ಗೊತ್ತಾಗದ್ದು ಪಂಪಿನವಳಿಗೆ ಹೇಗೆ ಗೊತ್ತಾಯಿತು ಎಂಬ ಭಾವ ಮುಖದಲ್ಲಿತ್ತು. ಪಾಪ, ನಲವತ್ತು ವರ್ಷದಲ್ಲಿ ದಿನಕ್ಕೆ ಕೂದಲೆಳೆಯಷ್ಟು ಮಂಕಾದರೆ ಯಾರಿಗೆ ತಾನೇ ಗೊತ್ತಾಗುತ್ತದೆ? “ನೋಡಿ, ಸೋಮವಾರ ಪಟ್ಟಿ ಪ್ರೆಸ್ಸಿಗೆ ಹೋಗ್ಬೇಕು” ಎಂದರು. “ನನ್ನ ಕ್ರಮ ಒಂದೇ. ಕಿವಿಗೆ ಕೇಳಿದ್ದನ್ನು ಮಾತ್ರ ಬರೆಯುವುದು. ಇಲ್ಲದಿದ್ರೆ ನಾಳೆ ಪ್ರತಿಯೊಬ್ಬನೂ ಬಂದು ನಾನಿದ್ದೆ ನಾನಿದ್ದೆ ಅಂತಾನೆ.”

ಜತ್ತಪ್ಪ ಎದ್ದು ನಿಂತ. “ಹೋಗುವ ಮಗಾ, ಬಸ್ಸುಂಟು.”

ಆದರೆ ಲೋಲಾಕ್ಷಿ ಎದ್ದವಳಲ್ಲ. ಅವತ್ತು ಮಂಗಳವಾರ. ಸೋಮವಾರಕ್ಕೆ ಆರು ದಿನ ಉಂಟು. ಪೆಟ್ಟಿಗೆ ಅಲ್ಲಾಡಿಸುವುದಿಲ್ಲ, ಒಳಗಿನ ಕೆಟ್ಟ ಸಾಮಾನು ಮಾತ್ರ ತೆಗೆದುಕೊಂಡು ಹೋಗುತ್ತೇನೆ, ಹಾಳಾದರೆ ಜೀವಮಾನವಿಡೀ ನಿಮ್ಮ ಬಾವಿಯ ಪಂಪು ನನ್ನ ಜವಾಬ್ದಾರಿ ಎಂದು ಅವಳು ಹಟ ಹಿಡಿದು ಕೂತಳು. ಕೊನೆಗೆ ಮಾಸ್ಟ್ರೇ ಸೋತರು.

ಪೆಟ್ಟಿಗೆಯ ಬೆನ್ನಿನ ಹನ್ನೆರಡು ಸ್ಕ್ರೂ ತೆಗೆದು ಟಾರ್ಚು ಬಿಟ್ಟಾಗ ಲೋಲಾಕ್ಷಿಗೆ ನಗುವೇ ಬಂತು. ಕಣಜ ಕಟ್ಟಿದ ಒಂದು ಮಣ್ಣಿನ ಗೂಡು. ಅದರ ಪಕ್ಕ ಒಂದು ಪುಟ್ಟ ಹಲಗೆ. ಹಲಗೆಯ ಮೇಲೆ ಒಂದು ತಾಮ್ರದ ಕಾಯಿಲ್, ಒಂದು ಕೆಪಾಸಿಟರ್. ಇನ್ನೊಂದು ಪೆಟ್ಟಿಗೆಯಲ್ಲೂ ಅದೇ ಜೋಡಿ. ಅಷ್ಟೇ! ಅವಳು ಇಪ್ಪತ್ತೈದು ವರ್ಷದಿಂದ ಬೆಳಗಾದರೆ ಮುಖ ನೋಡುವ ಎರಡು ಸಾಮಾನುಗಳು. ಇದರ ಹೆಸರು ಕ್ರಾಸ್‌ಓವರ್ ಎಂದು ಅವಳಿಗೆ ಗೊತ್ತಾದದ್ದು ಬಸ್ಸಿನಲ್ಲಿ, ಮೊಬೈಲಿನಲ್ಲಿ ಹುಡುಕಿದ ಮೇಲೆ. ಕೆಲಸ ಮಾತ್ರ ಅದಾಗಲೇ ತಿಳಿದಿತ್ತು. ತೋಟದಲ್ಲಿ ಒಂದೇ ಪೈಪಿನ ನೀರನ್ನು ವಾಲ್ವ್ ತಿರುಗಿಸಿ ಮೇಲಿನ ತಟ್ಟಿಗೆ ಇಷ್ಟು ಕೆಳಗಿನ ತಟ್ಟಿಗೆ ಇಷ್ಟು ಎಂದು ಹಂಚುವುದಿಲ್ಲವೇ, ಇದೂ ಹಾಗೆಯೇ. ಬಂದ ಧ್ವನಿಯಲ್ಲಿ ದಪ್ಪದ್ದನ್ನು ಕಾಯಿಲ್ ದೊಡ್ಡ ಸ್ಪೀಕರಿಗೆ ಬಿಡುತ್ತದೆ, ಸಪೂರದ್ದನ್ನು ತಡೆಯುತ್ತದೆ. ಕೆಪಾಸಿಟರ್ ಸಪೂರದ್ದನ್ನು ಮಾತ್ರ ಚಿಕ್ಕ ಸ್ಪೀಕರಿಗೆ ದಾಟಿಸುತ್ತದೆ.

ಮರುದಿನವೇ ಬಂಟ್ವಾಳಕ್ಕೆ ಹೋದಳು. ಅಲ್ಲಿ ಮಮ್ಮು ಕಾಕನ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ. ತಾಮ್ರದ ತಂತಿ ಅವಳು ತೆಗೆದುಕೊಳ್ಳುವುದು ಯಾವಾಗಲೂ ಅವರಿಂದಲೇ. ಕಾಕ ಎರಡೂ ಕೆಪಾಸಿಟರನ್ನು ಮೀಟರಿಗೆ ಹಿಡಿದರು. ಮೈಮೇಲೆ ನಾಲ್ಕು ಮೈಕ್ರೋಫ್ಯಾರಡ್ ಎಂದು ಬರೆದಿತ್ತು. ಒಂದು ಬರೀ ಅರ್ಧ ತೋರಿಸಿತು, ಇನ್ನೊಂದು ಏನೂ ತೋರಿಸಲಿಲ್ಲ.

“ಒಣಗಿ ಹಪ್ಪಳ ಆಗಿದೆ ಲೋಲಾಕ್ಷಿಯಕ್ಕ. ಇದು ಪೂರಾ ಸತ್ತದ್ದು, ಇದು ಸಾಯ್ಲಿಕ್ಕೆ ಆದದ್ದು.”

“ಇದಕ್ಕೆ ಬದಲು ಎಲ್ಲಿ ಸಿಗ್ತದೆ ಕಾಕ? ಬೆಂಗಳೂರಿನಿಂದ ತರಿಸ್ಬೇಕಾ? ಸೋಮವಾರದ ಒಳಗೆ ಬೇಕು ನನಗೆ.”

ಮಮ್ಮು ಕಾಕ ನಕ್ಕು, ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನನ್ನು ತೋರಿಸಿದರು. ಲೋಲಾಕ್ಷಿ ಮೇಲೆ ನೋಡಿದಳು. ನೋಡಿ, ಮೇಜಿಗೆ ಒಂದು ಗುದ್ದು ಗುದ್ದಿದಳು. ಫ್ಯಾನಿನ ಕೆಪಾಸಿಟರ್! ನಾಲ್ಕು ಎಂದರೆ ನಾಲ್ಕು, ಒಳಗೆ ಪ್ಲಾಸ್ಟಿಕ್ ಹಾಳೆ, ಒಣಗುವ ಪ್ರಶ್ನೆಯೇ ಇಲ್ಲ. ಕುವೈತಿನಿಂದ ಬಂದ ಮಹಾರಾಜರಿಗೆ ಅವರಲ್ಲಿ ಹುಟ್ಟಿನಿಂದ ಇದ್ದದ್ದಕ್ಕಿಂತ ಗಟ್ಟಿ ಸಾಮಾನು ಬಂಟ್ವಾಳದ ಡಬ್ಬಿಯಲ್ಲಿ ರಾಶಿ ಬಿದ್ದಿತ್ತು. ಕಾಕ ರಾಶಿಯಲ್ಲಿ ಹುಡುಕಿ, ಒಂದೊಂದನ್ನೇ ಅಳೆದು, ಒಂದಕ್ಕೊಂದು ಸರಿಯಾಗಿ ಹೊಂದುವ ಜೋಡಿಯನ್ನು ಆರಿಸಿಕೊಟ್ಟರು. ಕಾಯಿಲನ್ನೂ ಮೀಟರಿನಲ್ಲಿ ನೋಡುವ ಎಂದು ಅವರು ಕೈ ಚಾಚಿದರೆ ಲೋಲಾಕ್ಷಿ ಅದನ್ನು ಚೀಲಕ್ಕೆ ಹಾಕಿಕೊಂಡಳು.

“ಕಾಯಿಲಿಗೆ ನನಗೆ ಮೀಟರ್ ಎಂತಕ್ಕೆ ಕಾಕ? ನನ್ನ ಕೈಯೇ ಮೀಟರ್” ಎಂದಳು. ಎಷ್ಟು ಉಬ್ಬಿದ್ದಳೆಂದರೆ ಬಸ್ಸಿನಲ್ಲಿ ಸೀಟು ಸಿಕ್ಕಿದರೂ ನಿಂತೇ ಬಂದಳು.

ನಿಜ ಹೇಳಬೇಕೆಂದರೆ ಕಾಯಿಲನ್ನು ಮುಟ್ಟುವ ಅಗತ್ಯವೇ ಇರಲಿಲ್ಲ. ಒಂದು ಸ್ವಲ್ಪ ಹಸಿರು ಹಿಡಿದಿತ್ತು, ಇನ್ನೊಂದು ಚೆನ್ನಾಗಿಯೇ ಇತ್ತು. ಆದರೆ ಅಷ್ಟು ಸಪೂರ ತಂತಿ ನೋಡಿ ಅವಳ ಕೈ ಸುಮ್ಮನಿರಲಿಲ್ಲ. ಹಸಿರು ಹಿಡಿದದ್ದನ್ನು ಬಿಚ್ಚಿ ಎಣಿಸಿದಳು, ಇನ್ನೂರ ಹನ್ನೆರಡು ಸುತ್ತು. ಹೊಸ ತಂತಿಯನ್ನು ಒಂದು ನಂಬರು ದಪ್ಪದ್ದು ಆರಿಸಿದಳು. ಎರಡು ಕಾಯಿಲ್ ಸುತ್ತಿ, ವಾರ್ನಿಷ್‌ನಲ್ಲಿ ಅದ್ದಿ, ಬಲ್ಬಿನ ಬಿಸಿಗೆ ಒಣಗಿಸಿದಳು. ಸುತ್ತುವಾಗ ಕೈ ತಾನಾಗಿಯೇ ನೂರ ಎಂಬತ್ತಕ್ಕೆ ನಿಂತಿತ್ತು. ಸ್ವಲ್ಪ ಎಳೆಯಲಿ, ಪಾಪ, ಹಳೆಯ ಸ್ಪೀಕರು ಎಂದು ಅವಳ ಮನಸ್ಸಿನಲ್ಲಿದ್ದದ್ದು ಪೂರಾ ಪ್ರೀತಿಯೇ. ಅಪ್ಪ ಹತ್ತಿರ ಕೂತು ನೋಡುತ್ತಿದ್ದ. ಮಂಗಳವಾರದಿಂದ ಅವನು ನರಿಕೊಂಬಿನ ಹೆಸರು ಎತ್ತಿರಲಿಲ್ಲ, ಊಟಕ್ಕೂ ಕರೆದರೆ ಮಾತ್ರ ಬರುತ್ತಿದ್ದ.

ಶುಕ್ರವಾರ ಮಧ್ಯಾಹ್ನ ಟಿಫಿನ್ ಡಬ್ಬಿಯಲ್ಲಿ ಹಲಗೆಗಳನ್ನು ಇಟ್ಟುಕೊಂಡು ಅವಳು ಮಾಸ್ಟ್ರ ಮನೆಗೆ ಹೋದಳು, ಒಬ್ಬಳೇ. ಫ್ಯಾನಿನ ಕೆಪಾಸಿಟರ್ ಹಾಕಿದ್ದನ್ನು ಹೇಳುತ್ತಲೇ ಜೋಡಿಸಿದಳು. ಮಾಸ್ಟ್ರು ಟೇಪು ಹಾಕಿದರು. ಮೊದಲ ಪದಕ್ಕೇ ಇಬ್ಬರೂ ಬೆಚ್ಚಿದರು. ಭಾಗವತರು ಮೂಗಿನಿಂದ ಕಿರುಚುತ್ತಿದ್ದರು! ತುಂಬು ದನಿ ಹೋಗಿ ನೆಗಡಿಯ ದನಿ ಬಂದಿತ್ತು. ಚೆಂಡೆ ಏರಿದಾಗಲಂತೂ ತಗಡಿನ ಮಾಡಿಗೆ ಕಲ್ಲು ಬಿದ್ದ ಹಾಗೆ ಎಲ್ಲವೂ ಕಲಸಿ ರಾದ್ಧಾಂತವಾಯಿತು. ಆ ಗಲಾಟೆಯ ಒಳಗೆ ಎಲ್ಲೋ ಚಿಣ್ ಚಿಣ್ ಎಂದಂತಾಯಿತು. ಲೋಲಾಕ್ಷಿ ಹಾರಿದಳು. “ಕೇಳಿ, ಅದೇ! ಚಕ್ರತಾಳ!”

“ಅದು ನಿಮ್ಮ ಫ್ಯಾನಿನ ಕೆಪಾಸಿಟರಿನ ಶಬ್ದ” ಎಂದರು ಮಾಸ್ಟ್ರು, ಎರಡೂ ಕಿವಿ ಮುಚ್ಚಿಕೊಂಡು. ಅವರ ಮುಖ ಕೆಂಪಾಗಿತ್ತು. “ನನ್ನ ನಲವತ್ತು ವರ್ಷದ ಧ್ವನಿ ಹಾಳು ಮಾಡಿದ್ರಿ. ಇದ್ದ ಹಾಗೆ ಮಾಡಿ ಕೊಡಿ. ಸಾಕು ನನಗೆ.”

ಇದ್ದ ಹಾಗೆ ಮಾಡಲಿಕ್ಕೆ ಹಳೆಯದೊಂದು ಕಾಯಿಲ್ ಬಿಚ್ಚಿ ತಂತಿಯ ಗುಂಪಾಗಿತ್ತಲ್ಲ! ಭಾನುವಾರ ತರುತ್ತೇನೆ ಎಂದು ಹೇಳಿ ಅವಳು ಹಲಗೆಗಳನ್ನು ಮತ್ತೆ ಡಬ್ಬಿಗೆ ಹಾಕಿದಳು. ಹಲಗೆ ಇಲ್ಲದೆ ಪೆಟ್ಟಿಗೆ ಮಾತಾಡುವುದಿಲ್ಲವಾದ್ದರಿಂದ ಮಾಸ್ಟ್ರಿಗೂ ಕಾಯದೆ ಬೇರೆ ದಾರಿಯಿರಲಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ನಿಂತು ಮಮ್ಮು ಕಾಕನಿಗೆ ಫೋನು ಮಾಡಿದಳು. ಅಳು ಬರುವ ಹಾಗಿತ್ತು, ಸಿಟ್ಟೂ ಬರುತ್ತಿತ್ತು. ಕಾಕ ಎಲ್ಲ ಕೇಳಿ ನಿಧಾನಕ್ಕೆ ಪ್ರಶ್ನೆ ಕೇಳಿದರು.

“ಹಳೆಯ ಕಾಯಿಲಿನಲ್ಲಿ ಸುತ್ತು ಎಷ್ಟಿತ್ತು?”

“ಇನ್ನೂರ ಹನ್ನೆರಡು.”

“ನೀವು ಹಾಕಿದ್ದು?”

“ನೂರ ಎಂಬತ್ತು.”

“ಕಮ್ಮಿ ಮಾಡಿದ್ದು ಎಂತಕ್ಕೆ?”

ಲೋಲಾಕ್ಷಿ ಬಾಯಿ ತೆರೆದಳು. ಲೋ ವೋಲ್ಟೇಜ್ ಎನ್ನುವ ಮಾತು ನಾಲಗೆಯ ತುದಿಗೆ ಬಂದು ಅಲ್ಲೇ ನಿಂತಿತು. ಭಾಗವತರ ಪದಕ್ಕೆ ಎಂತ ಲೋ ವೋಲ್ಟೇಜ್? ಸಪೂರದ ಧ್ವನಿಯನ್ನು ತಡೆಯಬೇಕಾದ ಕಾವಲಿನವನ ಕಾಲು ಪಾಲು ಬಲ ತೆಗೆದುಬಿಟ್ಟು, ದೊಡ್ಡ ಸ್ಪೀಕರಿಗೆ ಅದು ಕುಡಿಯಬಾರದ್ದನ್ನೆಲ್ಲ ತಾನೇ ಕುಡಿಸಿದ್ದಳು. ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನಲ್ಲಿ ನಾಲ್ಕು ಜನ ನೋಡುವ ಹಾಗೆ ಅವಳು ಹಣೆ ಚಚ್ಚಿಕೊಂಡಳು, ಮತ್ತೆ ಜೋರಾಗಿ ನಕ್ಕಳು.

“ಕಾಕ, ನಾನು ಸ್ಪೀಕರಿನಲ್ಲಿ ನೀರು ಎಳೆಯಲಿಕ್ಕೆ ಹೋದೆ!”

ಕಾಕ ಆ ಕಡೆಯಿಂದ ಎಷ್ಟು ನಕ್ಕರೆಂದರೆ ಫೋನು ಕಟ್ಟಾಯಿತು.

ಶನಿವಾರ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ಬಂಟ್ವಾಳದಲ್ಲಿ ಹಾಜರು. ಬಿಚ್ಚದೆ ಉಳಿದಿದ್ದ ಇನ್ನೊಂದು ಹಳೆಯ ಕಾಯಿಲನ್ನು ಕಾಕನ ಮೀಟರಿಗೆ ಹಿಡಿದಾಗ ಒಂದು ಅಂಕೆ ಬಂತು. ಆ ಅಂಕೆಯನ್ನು ಅಂಗೈಯಲ್ಲಿ ಬರೆದುಕೊಂಡು, ಮೀಟರನ್ನೂ ಎರವಲು ತಂದು, ವೇಣೂರಿನಲ್ಲಿ ಕದ ಮುಚ್ಚಿ ಕೂತಳು. ಎರಡು ಪಂಪು ಬಂದವು, ನಾಳೆ ಬನ್ನಿ ಎಂದು ಕಳಿಸಿದಳು. ದಪ್ಪ ತಂತಿಯನ್ನೇ ಇಟ್ಟುಕೊಂಡಳು, ಆ ಒಂದು ಹಟ ಬಿಡಲಿಲ್ಲ. ಆದರೆ ಸುತ್ತನ್ನು ಕೈಗೆ ಬಿಡಲಿಲ್ಲ. ಸುತ್ತುವುದು, ಅಳೆಯುವುದು, ಒಂದು ಸುತ್ತು ಬಿಚ್ಚುವುದು, ಮತ್ತೆ ಅಳೆಯುವುದು. ಎರಡೂ ಕಾಯಿಲ್ ಅಂಗೈಯ ಅಂಕೆಗೆ ಬಂದು ನಿಂತಾಗ ಊಟ ಮಾಡಿಲ್ಲವೆಂಬುದು ನೆನಪಾಯಿತು.

ಭಾನುವಾರ ಅಪ್ಪನನ್ನೂ ಹೊರಡಿಸಿದಳು. ಅವನು ಬರುವುದಿಲ್ಲ ಎಂದ. “ಎಂತಕ್ಕೆ ಮಗಾ? ಆ ಮಾಸ್ಟ್ರಿಗೆ ಇಲ್ಲ ಅಂತ ಕಂಡ್ರೆ ಇಲ್ಲ. ಬಿಡು.” ಲೋಲಾಕ್ಷಿ ಇಸ್ತ್ರಿ ಅಂಗಿಯನ್ನು ತಂದು ಅವನ ತೊಡೆಯ ಮೇಲೆ ಇಟ್ಟಳು.

ಹನ್ನೊಂದು ಗಂಟೆಗೆ ಮಾಸ್ಟ್ರ ಚಾವಡಿಯಲ್ಲಿ ಹಲಗೆ ಕೂತಿತು, ಸ್ಕ್ರೂ ಬಿಗಿಯಾಯಿತು. ಮಾಸ್ಟ್ರು ಗುಂಡಿ ಒತ್ತಿ, ಮೊದಲೇ ಕಿವಿಗೆ ಕೈ ಇಟ್ಟುಕೊಂಡರು. ಪದ ಬಂತು. ಮಾಸ್ಟ್ರ ಕೈ ನಿಧಾನವಾಗಿ ಕೆಳಗಿಳಿಯಿತು. ಭಾಗವತರು ಎದುರಿಗೆ ಚಾಪೆಯ ಮೇಲೆ ಕೂತು ಹಾಡುವ ಹಾಗಿತ್ತು. ಉಸಿರು ಎಳೆದುಕೊಳ್ಳುವುದು ಕೇಳುತ್ತಿತ್ತು. ಮದ್ದಳೆಯ ಮೇಲೆ ಬೆರಳು ಜಾರಿದ್ದು ಕೇಳಿತು. ಗದ್ದೆಯ ಆ ತುದಿಯಲ್ಲಿ ಯಾವುದೋ ಮಗು ಅತ್ತದ್ದು ಕೇಳಿತು. ಚೆಂಡೆಗೆ ಕೋಲು ಬಿತ್ತು. ಅದರ ಮೇಲೆ, ಎಲ್ಲದರ ಮೇಲೆ, ತೆಳುವಾಗಿ, ಹೊಳೆಯುತ್ತ, ಚಿಣ್ ಚಿಣ್ ಚಿಣ್ ಚಿಣ್!

“ಅಪ್ಪ! ಬಂತು! ಅಪ್ಪ, ಬಂತು!” ಲೋಲಾಕ್ಷಿ ಅಪ್ಪನ ಹೆಗಲು ಹಿಡಿದು ಅಲ್ಲಾಡಿಸಿದಳು. ಮಾಸ್ಟ್ರು ಎದ್ದು ಪೆಟ್ಟಿಗೆಯ ಹತ್ತಿರ ಹೋಗಿ ಬಗ್ಗಿ ನೋಡಿದರು, ತಾಳ ಬಾರಿಸುವವನು ಅದರೊಳಗೇ ಇದ್ದಾನೋ ಎಂಬಂತೆ. “ಅಯ್ಯೋ ದೇವರೇ” ಎಂದರು. “ಇಷ್ಟು ವರ್ಷ ನಾನು ಇದನ್ನು ಬಿಟ್ಟು ಕೇಳಿದ್ದಾ?” ಮತ್ತೆ ಕೂತರು, ಮತ್ತೆ ಎದ್ದರು. ಎಪ್ಪತ್ತೆರಡರ ಮನುಷ್ಯ ಚಾವಡಿಯಲ್ಲಿ ಮಕ್ಕಳ ಹಾಗೆ ಆಚೆ ಈಚೆ ನಡೆದರು. ಉಳಿದ ತೊಂಬತ್ತಮೂರು ಟೇಪನ್ನೂ ಮೊದಲಿಂದ ಕೇಳಬೇಕಲ್ಲ ಎಂದು ತಲೆಗೆ ಕೈ ಇಟ್ಟುಕೊಂಡರು, ಆದರೆ ಮುಖದ ತುಂಬ ಸಂತೋಷ.

ಆಮೇಲೆ ಪುಸ್ತಕ ತೆಗೆದರು. ತೆಗೆದವರು ಪೆನ್ನಿನ ಮುಚ್ಚಳ ತಿರುಗಿಸುತ್ತ ಕೂತರು. ಹಳೆಯ ಪಂಡಿತರಲ್ಲವೇ, ಕ್ರಮ ಬಿಡಲು ಮನಸ್ಸು ಬರಲಿಲ್ಲ. “ಚಕ್ರತಾಳ ಉಂಟು. ನಾನು ಸೋತೆ, ಒಪ್ಪಿದೆ” ಎಂದರು. “ಆದ್ರೆ ಜತ್ತಪ್ಪಣ್ಣ, ತಪ್ಪು ತಿಳ್ಕೊಳ್ಬೇಡಿ. ಬಾರಿಸಿದ್ದು ನೀವೇ ಅಂತ ಟೇಪು ಹೇಳುವುದಿಲ್ಲವಲ್ಲ? ಮೇಳದಲ್ಲಿ ಇನ್ನೊಬ್ಬ ಇದ್ದಿರ್ಬಹುದು.”

ಲೋಲಾಕ್ಷಿಯ ಮೈ ಉರಿದುಹೋಯಿತು. ಆರು ದಿನದ ಓಡಾಟ, ಎರಡು ಸಲದ ವೈಂಡಿಂಗ್, ಕೊನೆಗೆ ಈ ಮಾತಾ? ಅವಳು ಏನೋ ಹೇಳಲಿಕ್ಕೆ ಹೊರಟವಳು ಅಪ್ಪನನ್ನು ನೋಡಿ ನಿಂತಳು. ಅವನು ಮಾಸ್ಟ್ರನ್ನೂ ನೋಡುತ್ತಿರಲಿಲ್ಲ, ಅವಳನ್ನೂ ನೋಡುತ್ತಿರಲಿಲ್ಲ. ಚೆಂಡೆಯನ್ನು ಕೇಳುತ್ತಿದ್ದ. ಅದೊಂದು ಅವನಿಗೆ ಕೇಳುತ್ತಿತ್ತು.

“ಮುಂದೆ ಹೋಗಲಿ” ಎಂದ. “ಯುದ್ಧದ ಪದ ಬರ್ತದೆ. ಅಲ್ಲಿ ತನಕ ನಿಲ್ಲಿಸ್ಬೇಡಿ.”

ಟೇಪು ತಿರುಗಿತು. ಯುದ್ಧದ ಪದ ಬಂತು, ಚೆಂಡೆ ಓಡತೊಡಗಿತು, ಅದರ ಹಿಂದೆಯೇ ಚಕ್ರತಾಳವೂ ಓಡಿತು. ಜತ್ತಪ್ಪ ಕಣ್ಣು ಮುಚ್ಚಿಕೊಂಡಿದ್ದ. ಮೊಣಕಾಲ ಮೇಲಿದ್ದ ಅವನ ಎರಡು ಕೈ ತಾಳ ಬಾರಿಸುವ ಹಾಗೆ ಸಣ್ಣಗೆ ಆಡುತ್ತಿದ್ದವು. ಹಠಾತ್ತಾಗಿ ಬಲಗೈ ಮೇಲೆತ್ತಿ ಹಿಡಿದ.

“ಈಗ” ಎಂದ.

ಚಕ್ರತಾಳ ನಿಂತಿತು.

ಚೆಂಡೆ ಓಡುತ್ತಲೇ ಇತ್ತು, ಭಾಗವತರು ಹಾಡುತ್ತಲೇ ಇದ್ದರು. ತಾಳ ಮಾತ್ರ ಇಲ್ಲ. ಜತ್ತಪ್ಪ ತುಟಿಯೊಳಗೇ ಎಣಿಸುತ್ತಿದ್ದ. ಹನ್ನೊಂದಕ್ಕೆ ಕೈ ಇಳಿಸಿದ. ಅದೇ ಕ್ಷಣಕ್ಕೆ ಚಿಣ್ ಎಂದಿತು. ಮೊದಲಿಗಿಂತ ಸ್ವಲ್ಪ ಮಂಕಾಗಿ, ಆದರೆ ಲಯಕ್ಕೆ ಸರಿಯಾಗಿ.

“ನಿಂತಿತಾ ಮಗಾ?” ಎಂದು ಮಗಳನ್ನು ಕೇಳಿದ. ಅವನಿಗೆ ಕೇಳಿರಲಿಲ್ಲ.

“ನಿಂತಿತು ಅಪ್ಪ.”

“ಹನ್ನೊಂದು?”

ಅವಳು ಮಾಸ್ಟ್ರ ಕಡೆ ತಿರುಗಿದಳು. ಮಾಸ್ಟ್ರೇ ಹೇಳಿದರು. “ಹನ್ನೊಂದು.”

“ತಾಳದ ತಟ್ಟೆ ಹಿಡಿಯುವ ನೂಲು ತುಂಡಾಯ್ತು” ಎಂದ ಜತ್ತಪ್ಪ. “ಒಂದು ತಟ್ಟೆ ಕಾಲಿನ ಬುಡಕ್ಕೆ ಬಿತ್ತು. ಹೆಕ್ಕಿ, ಹಲ್ಲಿನಲ್ಲಿ ಕಚ್ಚಿ, ಗಂಟು ಹಾಕುವಾಗ ಹನ್ನೊಂದು ಪೆಟ್ಟು ಹೋಯ್ತು. ಯಾರಿಗೂ ಗೊತ್ತಾಗಲಿಲ್ಲ. ಭಾಗವತರಿಗೂ ಗೊತ್ತಾಗಲಿಲ್ಲ. ಬೆಳಿಗ್ಗೆ ವೀಳ್ಯ ಕೊಟ್ಟು ಹೊಗಳಿದರು. ನಾನು ತಗೊಂಡೆ. ಹೇಳಲಿಲ್ಲ.” ಮಗಳ ಕಡೆ ಬೆರಳು ತೋರಿಸಿದ. “ಒಂದು ಪೆಟ್ಟು ಬಿಟ್ಟವ ಅಲ್ಲ ಅಂತ ಊರಿಗೆಲ್ಲ ಹೇಳಿದೆ. ಇವಳಿಗೂ ಹೇಳಿದೆ.”

ಮಾಸ್ಟ್ರು ತಲೆ ತಗ್ಗಿಸಿ ಬರೆದರು. ಬರೆದದ್ದನ್ನು ಜೋರಾಗಿ ಓದಿದರು. “ನರಿಕೊಂಬು, ಎಂಬತ್ತೊಂದು. ಚಕ್ರತಾಳ: ಜತ್ತಪ್ಪ, ನಾರಾವಿ.” ಓದಿ, ಪೆನ್ನಿನ ಮುಚ್ಚಳ ಹಾಕಿದರು.

“ಬಿಟ್ಟದ್ದನ್ನೂ ಬರೆಯಿರಿ ಮಾಸ್ಟ್ರೇ” ಎಂದ ಜತ್ತಪ್ಪ. “ಕೇಳಿದ್ದನ್ನು ಬರೆಯುವುದು ಅಂದ್ರಲ್ಲ.”

ಮಾಸ್ಟ್ರು ಮುಚ್ಚಳ ತೆಗೆದು ಮತ್ತೆ ಬರೆದರು. ಆಮೇಲೆ ಯಾರೂ ಕೇಳದಿದ್ದರೂ ಎದ್ದು ಟೇಪನ್ನು ಹಿಂದಕ್ಕೆ ಸುತ್ತಿ ಯುದ್ಧದ ಪದಕ್ಕೆ ತಂದು ನಿಲ್ಲಿಸಿದರು. ಲೋಲಾಕ್ಷಿ ಅಪ್ಪನ ಪಕ್ಕ ನೆಲದಲ್ಲಿ ಕೂತು ಅವನ ಅಂಗೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಟೇಪು ಓಡಿದಾಗ, ತನಗೆ ಕೇಳಿದ ಒಂದೊಂದು ಚಿಣ್ಣನ್ನೂ ಎರಡು ಬೆರಳಿನಲ್ಲಿ ಅವನ ಅಂಗೈಗೆ ಬಡಿದಳು. ಹನ್ನೊಂದು ಪೆಟ್ಟಿನ ಜಾಗದಲ್ಲಿ ಬೆರಳು ಎತ್ತಿ ಹಿಡಿದು ಕಾದಳು. ಮತ್ತೆ ತಾಳ ಬಂದು ಅವಳ ಬೆರಳು ಬಿದ್ದಾಗ ಜತ್ತಪ್ಪ ಆ ಬೆರಳುಗಳನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡ.

“ನಾನೇ” ಎಂದ.